ಶಬ್ದದಿಂದ ಕಡಲ ತಳ ನೋಡುವುದು: ಸೋನಾರ್ ತೋರಿಸಿದ್ದನ್ನು ಎಷ್ಟು ನಂಬಬಹುದು?

ಗಂಗಾವಳಿ_ದಡ · ಅಂಕೋಲಾ

ಎಲ್ಲರಿಗೂ ನಮಸ್ಕಾರ. ನಾನು ಅಂಕೋಲಾ ಕಡೆಯ ಹೈಸ್ಕೂಲ್ ಮೇಷ್ಟ್ರು. ಶಬ್ದದ ಪಾಠ ಮಾಡುವಾಗ ಸೋನಾರ್ ಬರುತ್ತದೆ. ಪುಸ್ತಕದಲ್ಲಿ ಒಂದು ಹಡಗಿನ ಚಿತ್ರ, ಕೆಳಗೆ ಹೋಗಿ ಬರುವ ಎರಡು ಗೆರೆ, ಒಂದು ಸಣ್ಣ ಲೆಕ್ಕ. ನಮ್ಮ ಮಕ್ಕಳಿಗೆ ಅಷ್ಟು ಸಾಕಾಗುವುದಿಲ್ಲ. ಅವರು ತಮ್ಮ ಕಣ್ಣೆದುರು ನಡೆದದ್ದರ ಬಗ್ಗೆ ಕೇಳುತ್ತಾರೆ.

2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಪಕ್ಕ ಇದ್ದವರು, ವಾಹನಗಳು ಗಂಗಾವಳಿ ನದಿಗೆ ಬಿದ್ದವು. ಹಾಗೆ ಬಿದ್ದ ಒಂದು ಲಾರಿಯನ್ನು ನೌಕಾಪಡೆಯವರು ಸೋನಾರ್ ತಂದು ಹುಡುಕಿದರು. ಆದರೂ ಆ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, ಗೋವಾದಿಂದ ಹೂಳೆತ್ತುವ ಡ್ರೆಜ್ಜರ್ ಬಂದ ಮೇಲೆ. ಇನ್ನೊಂದು ಕಡೆ ಮಲ್ಪೆಯ ಸುವರ್ಣ ತ್ರಿಭುಜ ಬೋಟು. 2018ರ ಡಿಸೆಂಬರ್‌ನಲ್ಲಿ ಏಳು ಮೀನುಗಾರರ ಸಮೇತ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲಿನಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ಸೋನಾರ್‌ಗೆ ಸಿಕ್ಕಿತು.

ಅಷ್ಟು ದೊಡ್ಡ ಕಡಲಿನಲ್ಲಿ ಸಿಕ್ಕಿದ್ದು, ನಮ್ಮ ನದಿಯಲ್ಲಿ ದಡದ ಹತ್ತಿರವೇ ಯಾಕೆ ಇಷ್ಟು ಕಷ್ಟವಾಯಿತು? ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಇದು. ತಿಳಿದವರು ಬಿಡಿಸಿ ಹೇಳಿದರೆ ಕ್ಲಾಸಿನಲ್ಲಿ ಓದಿ ಹೇಳುತ್ತೇನೆ.

—

ಸರ್ವೆ_ಬೋಟು · ಕಾರವಾರ

ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ಬಂದರುಗಳಲ್ಲಿ ಆಳ ಅಳೆಯುವ ಸರ್ವೆ ಕೆಲಸದಲ್ಲಿ ಇದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಮೂಲ ವಿಷಯ. ನೀರಿನಲ್ಲಿ ಬೆಳಕು ಬೇಗ ಸಾಯುತ್ತದೆ. ತಿಳಿಯಾದ ನಡುಗಡಲಿನಲ್ಲೂ 200 ಮೀಟರ್ ದಾಟಿದರೆ ಬೆಳಕು ಇಲ್ಲವೆನ್ನುವಷ್ಟು ಕಡಿಮೆ. ಮಳೆಗಾಲದ ಗಂಗಾವಳಿಯಲ್ಲಂತೂ ಚಾಚಿದ ಕೈ ಕಾಣುವುದಿಲ್ಲ. ರೇಡಿಯೋ ಅಲೆ, ರಾಡಾರ್ ಉಪ್ಪುನೀರಿನಲ್ಲಿ ಇನ್ನೂ ಬೇಗ ನಿಂತುಹೋಗುತ್ತವೆ. ಉಳಿಯುವುದು ಶಬ್ದ ಒಂದೇ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಕಡಲ ನೀರಿನಲ್ಲಿ ಸುಮಾರು 1500 ಮೀಟರ್. 60 ಮೀಟರ್ ಆಳಕ್ಕೆ ಹೋಗಿ ತಿರುಗಿ ಬರಲು ಸೆಕೆಂಡಿನ ನೂರರಲ್ಲಿ ಎಂಟು ಪಾಲು ಸಾಕು. ಪ್ರಪಂಚದ ಅತಿ ಆಳದ ಮರಿಯಾನಾ ಕಂದಕಕ್ಕೆ ಹೋಗಿ ಬರಲು ಹದಿನಾಲ್ಕು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ.

ಈಗ ನಿಮ್ಮ ಪ್ರಶ್ನೆ. ಸೋನಾರ್ ಅಂದರೆ ಒಂದೇ ಯಂತ್ರ ಅಲ್ಲ. ಎಷ್ಟು ಕಿಲೋಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಕಂಪಿಸುವ ಶಬ್ದ ಬಿಡುತ್ತೇವೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. 200 ಕಿಲೋಹರ್ಟ್ಸ್‌ನ ಶಬ್ದದ ಅಲೆಯ ಉದ್ದ ಒಂದು ಸೆಂಟಿಮೀಟರೂ ಇಲ್ಲ. ಅದರಿಂದ ಸಣ್ಣ ಸಣ್ಣ ವಿವರ ಕಾಣುತ್ತದೆ, ಆದರೆ ಅದು ದೂರ ಹೋಗುವುದಿಲ್ಲ, ಕೆಸರಿನ ಒಳಗೆ ಇಳಿಯುವುದೂ ಇಲ್ಲ. 3.5 ಕಿಲೋಹರ್ಟ್ಸ್‌ನ ಶಬ್ದ ಕೆಸರನ್ನು ಹೊಕ್ಕು ಕೆಳಗಿನ ಪದರಗಳನ್ನು ತೋರಿಸುತ್ತದೆ. ಆದರೆ ಅದರ ಅಲೆ 40 ಸೆಂಟಿಮೀಟರಿಗಿಂತ ಉದ್ದ, ಹಾಗಾಗಿ ಚಿತ್ರ ಮಸುಕು. ಆಳ ಬೇಕೋ, ವಿವರ ಬೇಕೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಹಲಸಿನಕಾಯಿ ತಟ್ಟಿ ಬಲಿತಿದೆಯೋ ಇಲ್ಲವೋ ಹೇಳುತ್ತಾರಲ್ಲ, ನಮ್ಮ ಕೆಲಸವೂ ಅಂಥದ್ದೇ. ತಟ್ಟಿದಾಗ ಬಂದ ಸದ್ದಿನಿಂದ ಒಳಗೇನಿದೆ ಎಂದು ಊಹಿಸುತ್ತೇವೆ.

ಮಾಲ್ವಣದ ಹತ್ತಿರ ಬೋಟು ಕಡಲ ತಳದ ಮೇಲೆ ಕೂತಿತ್ತು. ಹಡಗಿನಿಂದ ಇಳಿಬಿಟ್ಟು ಎಳೆಯುವ ಸೈಡ್ ಸ್ಕ್ಯಾನ್ ಎಂಬ ಬಗೆಯ ಸೋನಾರ್ ಇಂಥ ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಓರೆಯಾಗಿ ಶಬ್ದ ಬಿಡುತ್ತದೆ. ತಳದಿಂದ ಎದ್ದು ನಿಂತ ವಸ್ತು ಗಟ್ಟಿಯಾದ ಪ್ರತಿಧ್ವನಿ ಕೊಡುತ್ತದೆ, ಅದರ ಹಿಂದೆ ಶಬ್ದ ತಲುಪದ ಜಾಗ ಕಪ್ಪು ನೆರಳಾಗಿ ಕಾಣುತ್ತದೆ. ಎಷ್ಟೋ ಸಲ ವಸ್ತುವಿಗಿಂತ ಅದರ ನೆರಳೇ ಆಕಾರ ಹೇಳಿಬಿಡುತ್ತದೆ.

ಶಿರೂರಿನಲ್ಲಿ ಇದಕ್ಕೆ ತದ್ವಿರುದ್ಧ. ಗುಡ್ಡವೇ ನದಿಗೆ ಬಿದ್ದಿತ್ತು. ಲಾರಿ ತಳದ ಮೇಲೆ ಇರಲಿಲ್ಲ, ಮಣ್ಣು ಕಲ್ಲಿನ ನಡುವೆ ಇತ್ತು. ಮೇಲ್ಮೈ ನೋಡುವ ಸೋನಾರ್‌ಗೆ ಕಾಣುವುದು ಮಣ್ಣಿನ ರಾಶಿ ಮಾತ್ರ. ಒಳಹೊಕ್ಕು ನೋಡುವ ಶಬ್ದಕ್ಕೆ ದೊಡ್ಡ ಬಂಡೆಗಳು ಅಡ್ಡ ಬರುತ್ತವೆ, ಒಂದೊಂದು ಬಂಡೆಯೂ ಶಬ್ದವನ್ನು ದಿಕ್ಕಾಪಾಲು ಮಾಡುತ್ತದೆ. ಜೊತೆಗೆ ಮಳೆಗಾಲದ ಸೆಳೆತ. ನೀರು ಕುದಿಯುವ ಹಾಗೆ ಹರಿಯುವಾಗ ಅದರಲ್ಲಿ ಗಾಳಿಗುಳ್ಳೆ ತುಂಬಿಕೊಳ್ಳುತ್ತದೆ, ಗುಳ್ಳೆ ಶಬ್ದಕ್ಕೆ ಗೋಡೆ ಇದ್ದಂತೆ. ಬೋಟನ್ನು ನೇರ ಗೆರೆಯಲ್ಲಿ ಓಡಿಸುವುದೂ ಕಷ್ಟ.

ಇನ್ನೊಂದು ವ್ಯತ್ಯಾಸ ಇದೆ, ನನ್ನ ಮಟ್ಟಿಗೆ ಇದೇ ಮುಖ್ಯ. ಮಾಲ್ವಣದಲ್ಲಿ ಸೋನಾರ್ ಒಂದು ಗುರುತು ತೋರಿಸಿತು, ಆಮೇಲೆ ನೌಕಾಪಡೆಯ ನಿರೀಕ್ಷಕ್ ಹಡಗಿನ ಮುಳುಗುಗಾರರು ಇಳಿದು ನೋಡಿ ಖಚಿತ ಮಾಡಿದರು. ಶಿರೂರಿನಲ್ಲಿ ಆ ಸೆಳೆತದಲ್ಲಿ ಇಳಿದು ನೋಡುವುದೇ ಬಹಳ ಕಷ್ಟವಾಯಿತು. ಗುರುತು ಸಿಕ್ಕರೂ ಅದು ಏನು ಎಂದು ಹೇಳುವವರು ಯಾರು? ಸೋನಾರ್ ಎಂದೂ "ಇಲ್ಲಿ ಲಾರಿ ಇದೆ" ಎಂದು ಹೇಳುವುದಿಲ್ಲ. "ಇಲ್ಲಿಂದ ಜೋರಾಗಿ ಪ್ರತಿಧ್ವನಿ ಬಂತು" ಎಂದಷ್ಟೇ ಹೇಳುತ್ತದೆ. ಉಳಿದದ್ದು ಮನುಷ್ಯರ ಕೆಲಸ.

—

ಕಡಲಮಗ · ಮಲ್ಪೆ

ಸರ್ವೆ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಬೋಟಿನಲ್ಲಿ ಫಿಶ್ ಫೈಂಡರ್ ಇದೆ, ಮೀನು ಹುಡುಕುವ ಸಣ್ಣ ಸೋನಾರ್. ಸ್ಕ್ರೀನ್ ಒಂದೇ, ಆದರೆ ಬೋಟು ನಡೆಸುವ ತಾಂಡೇಲ ನೋಡುವುದಕ್ಕೂ ಹೊಸ ಹುಡುಗ ನೋಡುವುದಕ್ಕೂ ಬಹಳ ವ್ಯತ್ಯಾಸ. ಕೆಂಪು ಬಣ್ಣ ಬಂದರೆ ಹೊಸಬರು "ಮೀನು, ಮೀನು" ಅಂತಾರೆ. ತಾಂಡೇಲ ಸುಮ್ನೆ ನೋಡುತ್ತಾರೆ. ಗುಂಪು ತಳಕ್ಕೆ ಅಂಟಿಕೊಂಡಿದೆಯಾ, ನಡುನೀರಿನಲ್ಲಿ ಇದೆಯಾ, ಅಂಚು ಹರಿದ ಹಾಗಿದೆಯಾ, ಬೆಳಿಗ್ಗೆಯಾ ಸಂಜೆಯಾ, ನೀರಿನ ಬಣ್ಣ ಹೇಗಿದೆ, ಹಕ್ಕಿ ಎಲ್ಲಿ ಕೂತಿದೆ. ಇಷ್ಟೂ ಲೆಕ್ಕ ಹಾಕಿ ಬಂಗುಡೆಯೋ ಬೂತಾಯಿಯೋ ಹೇಳುತ್ತಾರೆ. ಬಲೆ ಎಳೆದ ಮೇಲೆಯೇ ನಿಜ ಗೊತ್ತಾಗುವುದು.

ತಳ ಗಟ್ಟಿಯಾ ಕೆಸರಾ ಅಂತಲೂ ಗೊತ್ತಾಗುತ್ತದೆ. ಕಲ್ಲು ಇದ್ದರೆ ಕೆಂಪು ಗೆರೆ ದಪ್ಪವಾಗಿ ಗಾಢವಾಗಿ ಬರುತ್ತದೆ, ಅದರ ಕೆಳಗೆ ಇನ್ನೊಂದು ಗೆರೆ ಕಾಣುತ್ತದೆ. ಟ್ರಾಲ್ ಬಲೆ ಕಲ್ಲಿಗೆ ಸಿಕ್ಕಿದರೆ ಲಕ್ಷಗಟ್ಟಲೆ ನಷ್ಟ ಮಾರಾಯ್ರೆ. ಅದಕ್ಕೆ ಎಲ್ಲ ಕಲ್ಲಿನ ಜಾಗವನ್ನೂ ಜಿಪಿಎಸ್‌ನಲ್ಲಿ ಹಾಕಿ ಇಟ್ಟುಕೊಂಡಿರುತ್ತೇವೆ.

ಒಂದು ಪ್ರಶ್ನೆ ನನ್ನದೂ ಇದೆ. ಬೊಂಡಾಸ್, ಅಂದರೆ ಸ್ಕ್ವಿಡ್, ಯಾಕೆ ಸರಿಯಾಗಿ ಕಾಣುವುದಿಲ್ಲ? ಬಲೆಗೆ ರಾಶಿ ಬೀಳುತ್ತದೆ, ಸ್ಕ್ರೀನಿನಲ್ಲಿ ಹೆಚ್ಚೇನೂ ಇರುವುದಿಲ್ಲ.

—

ತೆರೆನೊರೆ · ಕಾರವಾರ

ಅಣ್ಣಾ, ನಾನು ಕಡಲ ಜೀವಶಾಸ್ತ್ರ ಓದುತ್ತಿದ್ದೇನೆ. ಬೊಂಡಾಸ್ ಪ್ರಶ್ನೆಗೆ ಉತ್ತರ ಗಾಳಿಚೀಲ.

ಬಹಳಷ್ಟು ಮೀನುಗಳ ಹೊಟ್ಟೆಯೊಳಗೆ ಗಾಳಿ ತುಂಬಿದ ಒಂದು ಚೀಲ ಇರುತ್ತದೆ, ತೇಲುವುದಕ್ಕೆ. ಮೀನಿನ ಮಾಂಸ ಶಬ್ದದ ಲೆಕ್ಕದಲ್ಲಿ ಹೆಚ್ಚುಕಡಿಮೆ ನೀರೇ, ಶಬ್ದ ಅದನ್ನು ದಾಟಿ ಹೋಗಿಬಿಡುತ್ತದೆ. ಗಾಳಿ ಸಿಕ್ಕಾಗ ಮಾತ್ರ ಜೋರಾಗಿ ತಿರುಗಿ ಬರುತ್ತದೆ. ಗಾಳಿಚೀಲ ಇರುವ ಮೀನಿನಿಂದ ಬರುವ ಪ್ರತಿಧ್ವನಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಆ ಚೀಲದ್ದೇ. ಬೊಂಡಾಸ್‌ಗೆ ಗಾಳಿಚೀಲ ಇಲ್ಲ, ತಾಟೆ (ಶಾರ್ಕ್) ಮೀನಿಗೂ ಇಲ್ಲ. ಅಟ್ಲಾಂಟಿಕ್ ಕಡಲಿನ ಮ್ಯಾಕರೆಲ್‌ಗೂ ಇಲ್ಲ. ಹಾಗಾಗಿ ಅವು ಇದ್ದರೂ ಮಂಕಾಗಿಯೇ ಕಾಣುತ್ತವೆ.

ಸಂಶೋಧನಾ ಹಡಗುಗಳಲ್ಲಿ ಒಂದೇ ಹೊತ್ತಿಗೆ 18, 38, 70, 120, 200 ಕಿಲೋಹರ್ಟ್ಸ್ ಹೀಗೆ ಹಲವು ಶಬ್ದ ಬಿಡುತ್ತಾರೆ. ಗಾಳಿಚೀಲದ ಮೀನು 38ರಲ್ಲಿ ಜೋರಾಗಿ ಕಾಣುತ್ತದೆ. ಕ್ರಿಲ್‌ನಂಥ ಸಣ್ಣ ಸೀಗಡಿ ಜಾತಿಯ ಜೀವಿಗಳು 38ರಲ್ಲಿ ಮಂಕು, 120ರಲ್ಲಿ ಜೋರು. ಎರಡನ್ನೂ ಹೋಲಿಸಿ ಯಾವುದು ಯಾವುದು ಎಂದು ಬೇರ್ಪಡಿಸುತ್ತಾರೆ. ಅದೂ ಪೂರ್ತಿ ಗ್ಯಾರಂಟಿ ಅಲ್ಲ. ಅದಕ್ಕೇ ಜೊತೆಯಲ್ಲಿ ಬಲೆ ಎಳೆದು ನೋಡುತ್ತಾರೆ, ನಿಮ್ಮ ತಾಂಡೇಲರ ಹಾಗೆಯೇ.

ಇದಕ್ಕೆ ಸಂಬಂಧಿಸಿದ ಒಂದು ಕಥೆ ನನಗೆ ತುಂಬ ಇಷ್ಟ. ಎರಡನೇ ಮಹಾಯುದ್ಧದ ಕಾಲ, 1942. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ಬಳಿ ಅಮೆರಿಕದ ನೌಕಾಪಡೆಗೆ ಜಲಾಂತರ್ಗಾಮಿ ಹುಡುಕುವ ಸೋನಾರ್ ಪರೀಕ್ಷೆ ಮಾಡುತ್ತಿದ್ದರು. ಆಳವಾದ ಕಡಲಿನಲ್ಲಿ, ಕೆಲವೇ ನೂರು ಮೀಟರ್ ಕೆಳಗೆ ಒಂದು ತಳ ಕಾಣಿಸಿತು. ನಿಜವಾದ ತಳ ಅದಕ್ಕಿಂತ ಎಷ್ಟೋ ಕೆಳಗಿತ್ತು. ವಿಚಿತ್ರ ಅಂದರೆ ಈ ಸುಳ್ಳು ತಳ ಸಂಜೆಯಾದರೆ ಮೇಲೇಳುತ್ತಿತ್ತು, ಬೆಳಗಾದರೆ ಕೆಳಗಿಳಿಯುತ್ತಿತ್ತು. 1945ರಲ್ಲಿ ಸ್ಕ್ರಿಪ್ಸ್ ಸಂಸ್ಥೆಯ ಮಾರ್ಟಿನ್ ಜಾನ್ಸನ್ ಬಲೆ ಇಳಿಸಿ, ಹಗಲು ರಾತ್ರಿ ಗಮನಿಸಿ, ಅದು ಜೀವಿಗಳ ಪದರ ಎಂದು ತೋರಿಸಿದರು. ಸಣ್ಣ ಮೀನು, ಸೀಗಡಿ, ಜೆಲ್ಲಿ ಜಾತಿಯ ಜೀವಿಗಳು. ಹಗಲಿನಲ್ಲಿ ಬೇಟೆಗಾರರ ಕಣ್ಣಿಗೆ ಬೀಳದಂತೆ ಕತ್ತಲಲ್ಲಿ ಇರುತ್ತವೆ, ರಾತ್ರಿ ಮೇಲೆ ಬಂದು ತಿನ್ನುತ್ತವೆ. ಪ್ರಪಂಚದಲ್ಲಿ ಪ್ರಾಣಿಗಳ ಅತಿ ದೊಡ್ಡ ವಲಸೆ ಇದೇ, ದಿನಾ ನಡೆಯುತ್ತದೆ. ನಮ್ಮ ಅರಬ್ಬಿ ಕಡಲಿನಲ್ಲೂ ಇದೆ, ಅಲ್ಲಿ ಮೈಮೇಲೆ ಬೆಳಕಿನ ಚುಕ್ಕಿ ಇರುವ ಸಣ್ಣ ಮಿಕ್ಟೋಫಿಡ್ ಮೀನುಗಳೇ ಜಾಸ್ತಿ. ಒಂದು ತಪ್ಪು ಪ್ರತಿಧ್ವನಿ ಅಂದುಕೊಂಡಿದ್ದರ ಹಿಂದೆ ಇಷ್ಟು ದೊಡ್ಡ ಜೀವಲೋಕ ಇತ್ತು.

—

ಹಳೇನಕ್ಷೆ · ಮೈಸೂರು

ಇತಿಹಾಸದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಮೇಷ್ಟ್ರಿಗೆ ಕ್ಲಾಸಿನಲ್ಲಿ ಉಪಯೋಗ ಆಗಬಹುದು.

1826ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದಲ್ಲಿ ಕೊಲಾಡೋನ್ ಮತ್ತು ಸ್ಟರ್ಮ್ ಎಂಬ ಇಬ್ಬರು ನೀರಿನೊಳಗೆ ಗಂಟೆ ಬಾರಿಸಿ ಶಬ್ದದ ವೇಗ ಅಳೆದರು. ಒಂದು ದೋಣಿಯಲ್ಲಿ ಗಂಟೆ ಬಾರಿಸಿದ ಕ್ಷಣಕ್ಕೇ ಮದ್ದು ಹೊತ್ತಿ ಬೆಳಗುತ್ತಿತ್ತು. ದೂರದ ಇನ್ನೊಂದು ದೋಣಿಯಲ್ಲಿದ್ದವರು ಬೆಳಕು ಕಂಡಾಗಿನಿಂದ ಶಬ್ದ ಕೇಳುವವರೆಗೆ ಸಮಯ ಎಣಿಸಿದರು. ಸೆಕೆಂಡಿಗೆ 1435 ಮೀಟರ್ ಬಂತು. ತಣ್ಣಗಿನ ಸಿಹಿನೀರಿಗೆ ಇದು ಇವತ್ತಿಗೂ ಬಹುತೇಕ ಸರಿಯಾದ ಲೆಕ್ಕ.

1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಮಂಜುಗಡ್ಡೆ ಪತ್ತೆಗೆ ಶಬ್ದ ಬಳಸುವ ಪ್ರಯತ್ನ ಜೋರಾಯಿತು. ಮೊದಲ ಮಹಾಯುದ್ಧ ಅದನ್ನು ಇನ್ನೂ ಮುಂದೆ ತಳ್ಳಿತು. 1925ರಿಂದ 1927ರವರೆಗೆ ಜರ್ಮನಿಯ ಮೀಟಿಯೋರ್ ಹಡಗು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಸುಮಾರು 67,000 ಕಡೆ ಪ್ರತಿಧ್ವನಿಯಿಂದ ಆಳ ಅಳೆಯಿತು. ಅದಕ್ಕೆ ಮೊದಲು ಹಗ್ಗಕ್ಕೋ ತಂತಿಗೋ ಸೀಸದ ಗುಂಡು ಕಟ್ಟಿ ಇಳಿಸಬೇಕಿತ್ತು, ಆಳ ಕಡಲಿನಲ್ಲಿ ಒಂದೊಂದು ಅಳತೆಗೂ ಗಂಟೆಗಟ್ಟಲೆ ಬೇಕಿತ್ತು.

ಎಲ್ಲಕ್ಕಿಂತ ಹೇಳಲೇಬೇಕಾದದ್ದು ಮೇರಿ ಥಾರ್ಪ್ ಬಗ್ಗೆ. 1950ರ ದಶಕ, ನ್ಯೂಯಾರ್ಕ್. ಮಹಿಳೆಯರನ್ನು ಸಂಶೋಧನಾ ಹಡಗಿಗೆ ಹತ್ತಿಸದ ಕಾಲ. ಬ್ರೂಸ್ ಹೀಜನ್ ಮತ್ತಿತರರು ಹಡಗಿನಿಂದ ತಂದ ಎಕೋ ಸೌಂಡರ್ (ಪ್ರತಿಧ್ವನಿಯಿಂದ ಆಳ ಅಳೆಯುವ ಯಂತ್ರ) ಅಂಕಿಗಳನ್ನು ಅವರು ಮೇಜಿನ ಮೇಲೆ ಗೆರೆಗಳಾಗಿ ಬರೆದರು. ಅಟ್ಲಾಂಟಿಕ್ ನಡುವಿನ ಪರ್ವತ ಸಾಲಿನ ನೆತ್ತಿಯಲ್ಲಿ ಉದ್ದಕ್ಕೂ ಒಂದು ಕಣಿವೆ ಕಾಣಿಸಿತು. ನೆಲ ಅಲ್ಲಿ ಬಿರಿಯುತ್ತಿದೆ ಎಂದರ್ಥ. ಹೀಜನ್ ಮೊದಲು ಅದನ್ನು ಹುಡುಗಿಯರ ಮಾತು ಎಂದು ತಳ್ಳಿಹಾಕಿದರು. ಪಕ್ಕದ ಮೇಜಿನಲ್ಲಿ ಹೋವರ್ಡ್ ಫಾಸ್ಟರ್ ಎಂಬವರು ಭೂಕಂಪ ಆದ ಜಾಗಗಳನ್ನು ಗುರುತು ಮಾಡುತ್ತಿದ್ದರು. ಎರಡು ನಕ್ಷೆ ಒಂದರ ಮೇಲೊಂದು ಇಟ್ಟಾಗ ಭೂಕಂಪದ ಚುಕ್ಕಿಗಳು ಆ ಕಣಿವೆಯಲ್ಲೇ ಸಾಲಾಗಿ ಕೂತವು. ಆಮೇಲೆ ಯಾರೂ ತಳ್ಳಿಹಾಕುವ ಹಾಗಿರಲಿಲ್ಲ. ಖಂಡಗಳು ಸರಿಯುತ್ತವೆ ಎಂಬ ವಿಚಾರವನ್ನು ಜಗತ್ತು ಒಪ್ಪಿಕೊಳ್ಳುವುದಕ್ಕೆ ಆ ನಕ್ಷೆ ದೊಡ್ಡ ಕಾರಣ. ದಯವಿಟ್ಟು ನಿಮ್ಮ ಕ್ಲಾಸಿನ ಆ ಹುಡುಗಿಗೆ ಮೇರಿ ಥಾರ್ಪ್ ಕಥೆ ಹೇಳಿ ಮೇಷ್ಟ್ರೇ.

—

ಗಂಗಾವಳಿ_ದಡ · ಅಂಕೋಲಾ

ಖಂಡಿತ ಹೇಳುತ್ತೇನೆ. ಸರ್ವೆ ಸರ್, ಮಣ್ಣಿನೊಳಗೆ ಯಾಕೆ ಕಾಣಲಿಲ್ಲ ಎನ್ನುವುದು ಈಗ ಸ್ಪಷ್ಟವಾಯಿತು. ತುಂಬ ಧನ್ಯವಾದ.

—

ಸತ್ಯಶೋಧ · ದಾವಣಗೆರೆ

ಹಾಗಾದರೆ ದ್ವಾರಕೆ? ಸೋನಾರ್‌ನಲ್ಲಿ ಕಡಲಿನಡಿ ನಗರ ಕಂಡಿತು, 9000 ವರ್ಷ ಹಳೆಯದು ಎಂದು ಬಹಳ ಕಡೆ ಓದಿದ್ದೇನೆ. ಅದನ್ನೂ ನಂಬಬಾರದಾ?

—

ಹಳೇನಕ್ಷೆ · ಮೈಸೂರು

ಸತ್ಯಶೋಧ ಅವರೇ, ಇಲ್ಲಿ ಎರಡು ಬೇರೆ ಬೇರೆ ಸಂಗತಿ ಬೆರೆತುಹೋಗಿವೆ.

ದ್ವಾರಕೆ ಇರುವುದು ಸೌರಾಷ್ಟ್ರದ ಪಶ್ಚಿಮ ತುದಿಯಲ್ಲಿ. ಅಲ್ಲಿ 1980ರ ದಶಕದಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ತಂಡದ ಜೊತೆ ಶೋಧ ಮಾಡಿದವರು ನಮ್ಮವರೇ, ಶಿಕಾರಿಪುರ ರಂಗನಾಥ ರಾವ್, ಎಸ್.ಆರ್. ರಾವ್. ಲೋಥಲ್ ಉತ್ಖನನ ಮಾಡಿದವರೂ ಅವರೇ. ಅವರ ತಂಡ ಕೇವಲ ಯಂತ್ರ ನೋಡಿ ಹೇಳಲಿಲ್ಲ. ಮುಳುಗುಗಾರರು ಇಳಿದರು, ಕಲ್ಲಿನ ಲಂಗರುಗಳು, ಕಟ್ಟಡದ ಕಲ್ಲುಗಳನ್ನು ಕಣ್ಣಾರೆ ನೋಡಿ ದಾಖಲಿಸಿದರು. ಅವುಗಳ ಕಾಲ ಯಾವುದು ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದ ಇದೆ. ಆದರೆ ವಸ್ತುಗಳು ಎಲ್ಲಿ, ಹೇಗೆ ಇದ್ದವು ಎನ್ನುವುದರ ದಾಖಲೆ ಇದೆ.

ನೀವು ಓದಿದ 9000 ವರ್ಷದ ಮಾತು ಖಂಭಾತ್ ಕೊಲ್ಲಿಯದ್ದು, ಅದು ಗುಜರಾತಿನ ಇನ್ನೊಂದು ಪಕ್ಕ. 2001ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸರ್ವೆಯಲ್ಲಿ ಸೈಡ್ ಸ್ಕ್ಯಾನ್ ಚಿತ್ರಗಳಲ್ಲಿ ಚೌಕಾಕಾರದ ರಚನೆಗಳು ಕಂಡವು, ನಗರ ಎಂದು ಘೋಷಣೆಯಾಯಿತು. ತಳದಿಂದ ಡ್ರೆಜ್ ಮಾಡಿ ತೆಗೆದ ಒಂದು ಮರದ ತುಂಡಿನ ಕಾಲ ಸುಮಾರು 9500 ವರ್ಷ ಬಂತು. ಆದರೆ ಖಂಭಾತ್‌ನಲ್ಲಿ ಉಬ್ಬರವಿಳಿತದ ಸೆಳೆತ ಭಯಂಕರ. ಮರದ ತುಂಡು ಎಲ್ಲಿಂದಲೋ ಕೊಚ್ಚಿಕೊಂಡು ಬಂದಿರಬಹುದು. ತುಂಡು ಹಳೆಯದು ಅಂದ ಮಾತ್ರಕ್ಕೆ ಆ ರಚನೆ ಮನುಷ್ಯ ಕಟ್ಟಿದ್ದು ಎಂದಾಗುವುದಿಲ್ಲ. ಪುರಾತತ್ವದವರು ಬಹಳ ಮಂದಿ ಒಪ್ಪದೆ ಇರುವುದಕ್ಕೆ ಕಾರಣ ಇದೇ. ಇದರಲ್ಲಿ ನಂಬಿಕೆಯ ಪ್ರಶ್ನೆ ಇಲ್ಲ. ಇಳಿದು, ಅದೇ ಜಾಗದಲ್ಲಿ, ಪದರ ಪದರವಾಗಿ ನೋಡಿದ ಪುರಾವೆ ಇದೆಯೇ ಎನ್ನುವುದಷ್ಟೇ ಪ್ರಶ್ನೆ.

—

ಸರ್ವೆ_ಬೋಟು · ಕಾರವಾರ

ಹಳೇನಕ್ಷೆ ಸರ್ ಮಾತಿಗೆ ಒಂದು ತಾಂತ್ರಿಕ ಅಂಶ ಸೇರಿಸುತ್ತೇನೆ. ಸೈಡ್ ಸ್ಕ್ಯಾನ್ ಚಿತ್ರದಲ್ಲಿ ನೇರ ಗೆರೆ, ಮೂಲೆ ಕಂಡರೆ ಕೂಡಲೇ ಸಂಭ್ರಮ ಪಡಬಾರದು. ಎಳೆಯುವ ಸೋನಾರ್ ಅಲುಗಾಡಿದರೆ, ದೋಣಿಯ ವೇಗ ಬದಲಾದರೆ ಚಿತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಬಿರುಕು ಬಿಟ್ಟ ಬಂಡೆಯೂ, ಸೆಳೆತಕ್ಕೆ ಎದ್ದ ಮರಳಿನ ದಿಬ್ಬವೂ ಅಚ್ಚುಕಟ್ಟಾದ ಸಾಲಾಗಿಯೇ ಇರುತ್ತವೆ.

ನೀರು ಕೂಡ ಮೋಸ ಮಾಡುತ್ತದೆ. ನೀರಿನ ಬಿಸಿ, ಉಪ್ಪು, ಆಳ ಮೂರೂ ಸೇರಿ ಶಬ್ದದ ವೇಗ ತೀರ್ಮಾನಿಸುತ್ತವೆ. ಬಿಸಿ ಒಂದು ಡಿಗ್ರಿ ಏರಿದರೆ ವೇಗ ಸೆಕೆಂಡಿಗೆ ಎರಡು ಮೂರು ಮೀಟರ್ ಹೆಚ್ಚುತ್ತದೆ. ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಕಡಲಿನ ಮೇಲೆ ಪದರವಾಗಿ ಹರಡಿಕೊಂಡಿದ್ದರೆ ಲೆಕ್ಕವೇ ಬೇರೆ. ವೇಗ ನೂರಕ್ಕೆ ಒಂದರಷ್ಟು ತಪ್ಪಾದರೆ 60 ಮೀಟರ್ ಆಳದಲ್ಲಿ 60 ಸೆಂಟಿಮೀಟರ್ ತಪ್ಪು. ಬಂದರಿಗೆ ಬರುವ ದೊಡ್ಡ ಹಡಗಿನ ತಳ ಮುಟ್ಟದಿರಲು ಅಷ್ಟು ಜಾಗವೂ ಮುಖ್ಯ. ಅದಕ್ಕೇ ಸರ್ವೆಗೆ ಮೊದಲು, ನಡುವೆ, ಕೊನೆಗೆ ಒಂದು ಉಪಕರಣ ಇಳಿಸಿ ಆಳದಿಂದ ಆಳಕ್ಕೆ ಶಬ್ದದ ವೇಗ ಅಳೆಯುತ್ತೇವೆ.

1930ರ ದಶಕದಲ್ಲಿ ಅಮೆರಿಕದ ನೌಕಾಪಡೆಗೆ ಇದೇ ತಲೆನೋವು. ಬೆಳಿಗ್ಗೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಸೋನಾರ್ ಮಧ್ಯಾಹ್ನ ಮಂಕಾಗುತ್ತಿತ್ತು. ಬಿಸಿಲಿಗೆ ಮೇಲ್ಪದರದ ನೀರು ಬಿಸಿಯಾಗಿ ಶಬ್ದ ಕೆಳಕ್ಕೆ ಬಾಗಿಹೋಗುತ್ತಿತ್ತು, ಅಷ್ಟೇ. ಯಂತ್ರದಲ್ಲಿ ದೋಷವೇ ಇರಲಿಲ್ಲ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕು. ಗೋವಾದಿಂದ ಮಂಗಳೂರಿನವರೆಗೆ ದಡದ ಹತ್ತಿರದ ಕೆಸರಿನಲ್ಲಿ ಕೆಲವು ಕಡೆ ಮೀಥೇನ್ ಅನಿಲ ಸಿಕ್ಕಿಹಾಕಿಕೊಂಡಿದೆ. ಎಲೆ, ಕಸ, ಸತ್ತ ಜೀವಿಗಳು ಕೊಳೆತು ಆದ ಅನಿಲ. ಅಂಥ ಜಾಗದಲ್ಲಿ ಕೆಳಗಿನ ಪದರ ಏನೂ ಕಾಣುವುದಿಲ್ಲ. ಪರದೆ ಎಳೆದ ಹಾಗೆ ಚಿತ್ರ ಅಲ್ಲಿಗೇ ನಿಂತುಬಿಡುತ್ತದೆ. ಆದರೆ ಅನಿಲ ಎಲ್ಲಿದೆ ಎನ್ನುವುದನ್ನು ಗುರುತಿಸುವುದೂ ಈ ಪರದೆಯಿಂದಲೇ.

—

ಕಡಲಮಗ · ಮಲ್ಪೆ

ಸರ್, ಇಷ್ಟೆಲ್ಲ ಮಿಷನ್ ಇದ್ದೂ ಕಡಲಿನ ತಳ ಪೂರ್ತಿ ಅಳೆದಿಲ್ಲ ಅಂತ ಕೇಳಿದೆ. ಹೌದಾ?

—

ಸರ್ವೆ_ಬೋಟು · ಕಾರವಾರ

ಹೌದು. 2017ರಲ್ಲಿ ಸೀಬೆಡ್ 2030 ಎಂಬ ಅಂತಾರಾಷ್ಟ್ರೀಯ ಯೋಜನೆ ಶುರುವಾದಾಗ ಸರಿಯಾಗಿ ಅಳೆದದ್ದು ನೂರಕ್ಕೆ 6 ಪಾಲು ಮಾತ್ರ. 2025ರ ಜೂನ್ ಹೊತ್ತಿಗೆ 27.3. ಮಿಕ್ಕ ಕಡೆ ಉಪಗ್ರಹದಿಂದ ನೀರಿನ ಮೇಲ್ಮೈಯ ಸಣ್ಣ ಏರಿಳಿತ ನೋಡಿ, ಕೆಳಗೆ ಗುಡ್ಡ ಇರಬಹುದು ಎಂದು ಅಂದಾಜು ಮಾಡಿದ ನಕ್ಷೆ. ಮಲೇಷ್ಯಾದ ಎಂಎಚ್ 370 ವಿಮಾನ 2014ರಲ್ಲಿ ಕಾಣೆಯಾದಾಗ ಹುಡುಕುವ ಮೊದಲು ದಕ್ಷಿಣ ಹಿಂದೂ ಮಹಾಸಾಗರದ ಆ ಭಾಗದ ತಳವನ್ನೇ ಹೊಸದಾಗಿ ಅಳೆಯಬೇಕಾಯಿತು. ವಿಮಾನ ಸಿಗಲಿಲ್ಲ, ಆದರೆ ಯಾರೂ ನೋಡಿರದ ಪರ್ವತ, ಕಂದಕಗಳ ನಕ್ಷೆ ಸಿಕ್ಕಿತು.

ಇಷ್ಟು ನಿಧಾನ ಯಾಕೆ ಅಂದರೆ, ಮಲ್ಟಿಬೀಮ್ ಸೋನಾರ್ ಒಂದೇ ಸಲಕ್ಕೆ ಆಳದ ಮೂರು ನಾಲ್ಕು ಪಟ್ಟು ಅಗಲದ ಪಟ್ಟಿ ಅಳೆಯುತ್ತದೆ. 4000 ಮೀಟರ್ ಆಳದಲ್ಲಿ ಪಟ್ಟಿ ಹತ್ತು ಕಿಲೋಮೀಟರಿಗೂ ಜಾಸ್ತಿ ಅಗಲ. 20 ಮೀಟರ್ ಆಳದಲ್ಲಿ ಬರೀ 60, 80 ಮೀಟರ್. ಹಾಗಾಗಿ ನಮ್ಮ ಮನೆ ಮುಂದಿನ ಕಡಲು ಅಳೆಯುವುದೇ ಹೆಚ್ಚು ಹೊತ್ತಿನ ಕೆಲಸ.

ನಿಮ್ಮೂರಿನ ಮುಂದೆಯೇ ಒಂದು ಒಳ್ಳೆಯ ಉದಾಹರಣೆ ಇದೆ. ಮಲ್ಪೆಯಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ಗವೇಷಣಿ ಬ್ಯಾಂಕ್ ಎಂಬ ದಿಬ್ಬ ಇದೆ. ಗೋವಾ ಸಂಸ್ಥೆಯ ಗವೇಷಣಿ ಹಡಗಿನ ಹೆಸರೇ ಅದಕ್ಕೆ. ದಿಬ್ಬದ ನೆತ್ತಿ ನೀರಿನ ಮೇಲ್ಮೈಯಿಂದ ಸುಮಾರು 38 ಮೀಟರ್ ಕೆಳಗೆ. ಅಲ್ಲಿ ಜೀವಂತ ಹವಳ ಇದೆ ಎಂದು 1978ರಲ್ಲಿ ಪ್ರಕಟವಾಯಿತು.

—

ಕಡಲಮಗ · ಮಲ್ಪೆ

ಆ ಕಡೆ ಹೋಗುವ ಬೋಟಿನವರಿಗೆಲ್ಲ ಅಲ್ಲೊಂದು ಕಲ್ಲು ಇರುವುದು ಗೊತ್ತು. ಹವಳ ಅಂತ ಗೊತ್ತಿರಲಿಲ್ಲ. ಅಂಥ ಕಲ್ಲು ಇನ್ನೂ ಎಷ್ಟೋ ಇವೆ.

—

ಮಳೆನಾಡಿಗ · ವ್ಯಾಂಕೂವರ್

ಇಲ್ಲಿಯವರೆಗೆ ಶಬ್ದ ಬಿಡುವುದರ ಬಗ್ಗೆಯೇ ಮಾತಾಯಿತು. ಸುಮ್ಮನೆ ಕೇಳಿಸಿಕೊಳ್ಳುವುದರ ಬಗ್ಗೆಯೂ ಮಾತಾಡೋಣವೇ? ನಾನಿರುವ ಊರಿನ ಹತ್ತಿರದ ಕಡಲಿನಲ್ಲಿ ಓರ್ಕಾ ತಿಮಿಂಗಿಲಗಳಿವೆ. ಅವು ಚಿನೂಕ್ ಸಾಲ್ಮನ್ ಮೀನು ಹುಡುಕುವುದು ತಾವೇ ಬಿಡುವ ಟಕ್ ಟಕ್ ಶಬ್ದದ ಪ್ರತಿಧ್ವನಿಯಿಂದ. ಹಡಗಿನ ಗದ್ದಲ ಜಾಸ್ತಿ ಆದರೆ ಅವುಗಳಿಗೆ ಊಟ ಸಿಗುವುದು ಕಷ್ಟ. ಹೈಡ್ರೋಫೋನ್, ಅಂದರೆ ನೀರಿನೊಳಗಿನ ಮೈಕ್, ಇಟ್ಟು ಗದ್ದಲ ಅಳೆದರು. 2017ರಿಂದ ಹಾರೋ ಜಲಸಂಧಿಯಲ್ಲಿ ಹಡಗುಗಳು ತಾವಾಗಿಯೇ ನಿಧಾನ ಹೋಗುವ ವ್ಯವಸ್ಥೆ ಬಂದಿದೆ. ನಿಧಾನ ಹೋದರೆ ಶಬ್ದ ಕಡಿಮೆ ಆಗುತ್ತದೆ ಎನ್ನುವುದು ಅಳತೆಯಲ್ಲೇ ಗೊತ್ತಾಯಿತು.

ಇನ್ನೊಂದು ಘಟನೆ ನನ್ನನ್ನು ತುಂಬ ಕಾಡಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆನಡಾದ ಪೂರ್ವದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ಕಡಿಮೆಯಾಯಿತು. ನೀರಿನ ಗದ್ದಲ 6 ಡೆಸಿಬೆಲ್ ಇಳಿಯಿತು. ಅದೇ ದಿನಗಳಲ್ಲಿ ಅಲ್ಲಿನ ರೈಟ್ ತಿಮಿಂಗಿಲಗಳ ಮಲದಲ್ಲಿ ಒತ್ತಡದ ಹಾರ್ಮೋನ್ ಕಡಿಮೆ ಇತ್ತು. ಸಂಶೋಧಕರು ಬೇರೆ ಕಾರಣಕ್ಕೆ ಮಲ ಸಂಗ್ರಹಿಸುತ್ತಿದ್ದರಿಂದ ಇದು ಗೊತ್ತಾಯಿತು. ಮಿಕ್ಕ ಎಲ್ಲ ದಿನ ಅವು ಎಷ್ಟು ಹಿಂಸೆಯಲ್ಲಿ ಬದುಕುತ್ತಿವೆ ಅಲ್ವಾ?

—

ತೆರೆನೊರೆ · ಕಾರವಾರ

ನಿಮ್ಮ ಮಾತು ಓದಿ ಖುಷಿಯೂ ಬೇಸರವೂ ಎರಡೂ ಆಯಿತು. ನಮ್ಮ ಕಡೆಯೂ ಕೇಳಿಸಿಕೊಳ್ಳುವ ಕೆಲಸ ನಡೆದಿದೆ. ಲಕ್ಷದ್ವೀಪದ ಕವರತ್ತಿ ಬಳಿ ದಿವ್ಯಾ ಪಣಿಕ್ಕರ್ ಮತ್ತು ಅವರ ಜೊತೆಗಾರರು 2018ರ ಕೊನೆಯಿಂದ 2020ರ ಆರಂಭದವರೆಗೆ ಹೈಡ್ರೋಫೋನ್ ಇಟ್ಟು ನೀಲಿ ತಿಮಿಂಗಿಲದ ಹಾಡು ದಾಖಲಿಸಿದರು. ಜಗತ್ತಿನ ಅತಿ ದೊಡ್ಡ ಪ್ರಾಣಿ ನಮ್ಮ ಪಕ್ಕದ ಕಡಲಿನಲ್ಲೇ ಹಾಡುತ್ತಿದೆ. ಕಣ್ಣಿಗೆ ಬೀಳುವುದು ಅಪರೂಪ, ಆದರೆ ಹೈಡ್ರೋಫೋನ್ ಹಗಲು ರಾತ್ರಿ, ಮಳೆ ಗಾಳಿ ನೋಡದೆ ಕೇಳುತ್ತಿರುತ್ತದೆ. ಗೋವಾದ ಸಂಸ್ಥೆಯವರು ಗ್ರಾಂಡೆ ದ್ವೀಪದ ಹತ್ತಿರ ಮೀನುಗಳು ಗುಂಪಾಗಿ ಶಬ್ದ ಮಾಡುವುದನ್ನು ದಾಖಲಿಸಿದ್ದಾರೆ. ಮೀನು ಮೌನ ಪ್ರಾಣಿ ಅಲ್ಲವೇ ಅಲ್ಲ. ಕಲ್ಲಿನ ಸಂದಿಯಲ್ಲಿ ಇರುವ ಒಂದು ಜಾತಿಯ ಪುಟ್ಟ ಸೀಗಡಿ ತನ್ನ ಕೊಂಡಿಯನ್ನು ಎಷ್ಟು ವೇಗವಾಗಿ ಮುಚ್ಚುತ್ತದೆ ಎಂದರೆ ನೀರಿನಲ್ಲಿ ಒಂದು ಗುಳ್ಳೆ ಹುಟ್ಟುತ್ತದೆ. ಆ ಗುಳ್ಳೆ ಒಡೆಯುವುದೇ ನಮಗೆ ಕೇಳುವ ಚಟಪಟ ಸದ್ದು. ಬೆಚ್ಚಗಿನ ದಡದ ನೀರಿನಲ್ಲಿ ಇದು ಹಗಲು ರಾತ್ರಿ ಇರುತ್ತದೆ.

ಆರೋಗ್ಯವಾಗಿರುವ ಹವಳದ ದಿಬ್ಬ ಗದ್ದಲದ ಜಾಗ. ಸತ್ತ ದಿಬ್ಬದಲ್ಲಿ ಸದ್ದು ಕಡಿಮೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಸತ್ತ ಹವಳದ ತುಂಡುಗಳ ಹತ್ತಿರ ಸ್ಪೀಕರ್ ಇಟ್ಟು ಆರೋಗ್ಯವಂತ ದಿಬ್ಬದ ಸದ್ದು ಹಾಕಿದರು. ಶಬ್ದ ಇಲ್ಲದ ಕಡೆಗಿಂತ ಅಲ್ಲಿಗೆ ಎರಡು ಪಟ್ಟು ಮೀನು ಬಂದವು. 2019ರಲ್ಲಿ ಪ್ರಕಟವಾದ ಕೆಲಸ ಇದು. ಮರಿಮೀನುಗಳು ಮನೆ ಹುಡುಕುವುದು ಕಿವಿಯಿಂದಲೂ ಎಂದಾಯಿತು.

ಹಾಗಾಗಿ ನಾವು ಬಿಡುವ ಶಬ್ದದ ಬಗ್ಗೆಯೂ ಎಚ್ಚರ ಬೇಕು. 2000ನೇ ಇಸವಿಯ ಮಾರ್ಚ್‌ನಲ್ಲಿ ಬಹಾಮಾಸ್‌ನಲ್ಲಿ 17 ತಿಮಿಂಗಿಲ, ಡಾಲ್ಫಿನ್ ಜಾತಿಯ ಪ್ರಾಣಿಗಳು ದಡಕ್ಕೆ ಬಂದು ಬಿದ್ದವು. ಅದಕ್ಕೆ ತನ್ನ ಹಡಗುಗಳ ಸೋನಾರ್ ಕಾರಣ ಎಂದು ಅಮೆರಿಕದ ನೌಕಾಪಡೆಯ ತನಿಖಾ ವರದಿಯೇ ಒಪ್ಪಿಕೊಂಡಿತು. ಅದು ಯುದ್ಧನೌಕೆಯ ಸೋನಾರ್, ತುಂಬ ಜೋರಾದದ್ದು.

—

ಕಡಲಮಗ · ಮಲ್ಪೆ

ತಂಗೀ, ಹಾಗಾದರೆ ನಮ್ಮ ಫಿಶ್ ಫೈಂಡರ್‌ನಿಂದ ಡಾಲ್ಫಿನ್‌ಗೆ ತೊಂದರೆ ಇದೆಯಾ? ನಾವು ಅವನ್ನು ಹಿಡಿಯುವುದಿಲ್ಲ, ಬಲೆಗೆ ಬಂದರೆ ಬಿಡುತ್ತೇವೆ.

—

ತೆರೆನೊರೆ · ಕಾರವಾರ

ಅಣ್ಣಾ, ಯುದ್ಧನೌಕೆಯ ಸೋನಾರ್ ಜೊತೆ ಇದನ್ನು ಹೋಲಿಸುವ ಹಾಗಿಲ್ಲ. ನಿಮ್ಮದು ನೇರ ಕೆಳಗೆ ಹೋಗುವ ಕಿರಿದಾದ ಶಬ್ದ, ದೂರ ಹರಡುವುದಿಲ್ಲ. ಆದರೆ 50 ಕಿಲೋಹರ್ಟ್ಸ್ ಡಾಲ್ಫಿನ್‌ಗೆ ಚೆನ್ನಾಗಿ ಕೇಳುತ್ತದೆ. 200 ಅವುಗಳ ಕಿವಿಯ ಮಿತಿಗಿಂತ ಮೇಲೆ, ಆದರೂ ಕೆಲವು ಯಂತ್ರಗಳಿಂದ ಕೆಳಗಿನ ಶಬ್ದವೂ ಸ್ವಲ್ಪ ಸೋರುತ್ತದೆ. ನಾನು ಹೇಳುವುದು ಇಷ್ಟೇ: ದಡದ ಹತ್ತಿರ, ಆಳ ಕಡಿಮೆ ಇರುವ ಕಡೆ 200ರಲ್ಲೇ ಇಡಿ. ಬೇಡದಾಗ, ದಕ್ಕೆಯಲ್ಲಿ ನಿಂತಿರುವಾಗ ಆಫ್ ಮಾಡಿ. ಇಂಜಿನ್ ಸದ್ದು ಅದಕ್ಕಿಂತ ದೊಡ್ಡ ವಿಷಯ.

ನಿಮ್ಮಲ್ಲಿ ಒಂದು ಕೋರಿಕೆ. ಗವೇಷಣಿ ಬ್ಯಾಂಕ್ ಬಗ್ಗೆ ಓದಿದ ಮೇಲೆ ನಿಮ್ಮ "ಅಂಥ ಕಲ್ಲು ಇನ್ನೂ ಎಷ್ಟೋ ಇವೆ" ಎಂಬ ಮಾತು ತಲೆಯಲ್ಲೇ ಕೂತಿದೆ. ನಿಮ್ಮ ಜಿಪಿಎಸ್‌ನಲ್ಲಿ ಇರುವ ಕಲ್ಲಿನ ಜಾಗಗಳು ಸಿಕ್ಕರೆ ಎಲ್ಲಿ ಇಳಿದು ನೋಡಬೇಕು ಎನ್ನುವುದು ಗೊತ್ತಾಗುತ್ತದೆ. ಕುರುಡಾಗಿ ಹುಡುಕಲು ಹಡಗಿನ ಸಮಯ ಯಾರಿಗೂ ಸಿಗುವುದಿಲ್ಲ.

—

ಕಡಲಮಗ · ಮಲ್ಪೆ

ಅದು ಸುಲಭ ಇಲ್ಲ ತಂಗೀ. ಒಂದೊಂದು ಕಲ್ಲಿನ ಜಾಗವೂ ಅಪ್ಪ, ಅಜ್ಜನ ಕಾಲದಿಂದ ಬಂದದ್ದು. ಮೊದಲು ದಡದ ಗುಡ್ಡ, ದೇವಸ್ಥಾನ ನೋಡಿ ಅಂದಾಜು ಹಿಡಿಯುತ್ತಿದ್ದರು, ಈಗ ಜಿಪಿಎಸ್. ಕಲ್ಲಿನ ಹತ್ತಿರ ಮೀನು ಇರುತ್ತದೆ. ಹೊರಗೆ ಗೊತ್ತಾದರೆ ನಾಳೆಯೇ ಹತ್ತು ಬೋಟು ಬಂದು ಗಾಳ ಹಾಕುತ್ತವೆ, ಎರಡು ವರ್ಷದಲ್ಲಿ ಅಲ್ಲಿ ಏನೂ ಉಳಿಯುವುದಿಲ್ಲ. ನಕ್ಷೆ ಆದ ಮೇಲೆ ಅಲ್ಲಿ ಮೀನು ಹಿಡಿಯಬಾರದು ಅಂತ ಸರ್ಕಾರ ಹೇಳಿದರೆ? ಈ ಹೆದರಿಕೆ ನಮ್ಮಲ್ಲಿ ಎಲ್ಲರಿಗೂ ಇದೆ.

—

ಸರ್ವೆ_ಬೋಟು · ಕಾರವಾರ

ಆ ಹೆದರಿಕೆ ನ್ಯಾಯವಾದದ್ದು. ಜಾಗದ ಅಂಕಿಗಳನ್ನು ಹೊರಗೆ ಹಾಕದೆ ಕೆಲಸ ಮಾಡಲು ಆಗುತ್ತದೆ. ನಕ್ಷೆ ಪ್ರಕಟ ಮಾಡುವಾಗ ದೊಡ್ಡ ಚೌಕಗಳಲ್ಲಿ "ಈ ಚೌಕದಲ್ಲಿ ಕಲ್ಲಿನ ತಳ ಇದೆ" ಎಂದಷ್ಟೇ ತೋರಿಸಬಹುದು. ಏನೇ ಆದರೂ ಮೊದಲು ಬರವಣಿಗೆಯಲ್ಲಿ ಒಪ್ಪಂದ ಆಗಬೇಕು, ಮೀನುಗಾರರ ಸಂಘದ ಎದುರಿಗೇ.

—

ತೆರೆನೊರೆ · ಕಾರವಾರ

ಹಾಗೇ ಮಾಡೋಣ. ಜಾಗ ಕೇಳುವುದನ್ನು ಸದ್ಯಕ್ಕೆ ಬಿಡುತ್ತೇನೆ ಅಣ್ಣಾ. ಜೂನ್, ಜುಲೈ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಬೋಟು ಇಳಿದ ಮೇಲೆ ಒಂದು ಸಣ್ಣ ಕೆಲಸ ಮಾಡಿಕೊಡಿ. ಬಲೆ ಹಾಕುವ ಮುಂಚೆ ಫಿಶ್ ಫೈಂಡರ್ ಸ್ಕ್ರೀನಿನ ಒಂದು ಫೋಟೋ, ಹೊತ್ತು ಮತ್ತು ಆಳ ಕಾಣುವ ಹಾಗೆ. ಆಮೇಲೆ ಬಲೆಗೆ ಬಿದ್ದ ಮೀನಿನ ಒಂದು ಫೋಟೋ. ಜಾಗದ ಅಂಕಿ ಕಂಡರೆ ಬೆರಳು ಅಡ್ಡ ಇಡಿ, ನನಗೆ ಬೇಡ. ಯಂತ್ರ 50ರಲ್ಲಿ ಇತ್ತೋ 200ರಲ್ಲೋ ಅದನ್ನು ಮಾತ್ರ ಬರೆದಿಡಿ. ಬಂಗುಡೆ, ಬೂತಾಯಿ, ಬೊಂಡಾಸ್ ಯಾವ್ಯಾವುದು ಹೇಗೆ ಕಾಣುತ್ತದೆ ಎಂದು ಜೊತೆ ಮಾಡಿ ನೋಡುತ್ತೇನೆ. ತಾಂಡೇಲರು ಬಲೆ ಹಾಕುವ ಮುಂಚೆ ಏನು ಮೀನು ಎಂದು ಹೇಳಿದರು ಎನ್ನುವುದನ್ನೂ ಬರೆದರೆ ಇನ್ನೂ ಒಳ್ಳೆಯದು.

—

ಕಡಲಮಗ · ಮಲ್ಪೆ

ಅಷ್ಟು ಮಾಡಬಹುದು. ನಮ್ಮ ತಾಂಡೇಲರಿಗೆ ಹೇಳಿದೆ, ಒಪ್ಪಿದ್ದಾರೆ. ಇನ್ನೂ ಎರಡು ಬೋಟಿನವರನ್ನು ಕೇಳುತ್ತೇನೆ.

—

ಗಂಗಾವಳಿ_ದಡ · ಅಂಕೋಲಾ

ಫೋಟೋಗಳು ಬಂದಾಗ ಮೀನಿನ ಹೆಸರು ಮುಚ್ಚಿ ಕೆಲವನ್ನು ನನಗೂ ಕಳಿಸಿ. ಮಕ್ಕಳು ಸ್ಕ್ರೀನ್ ನೋಡಿ ಮೊದಲು ಬರೆಯಲಿ, ಆಮೇಲೆ ಬಲೆಯ ಫೋಟೋ ತೋರಿಸುತ್ತೇನೆ.